ಮಲ್ಲನಗುಂಡಿ ಶಾಲೆಯ ಕಂಪ್ಯೂಟರ್ ದಾನ

ಮ್ಯಾನೇಜರ್ ಪ್ರವೀಣಕುಮಾರ್ ಆ ಫೋಟೊವನ್ನು ಕಂಪನಿಯ ವಾಟ್ಸಾಪ್ ಗ್ರೂಪಿಗೆ ಹಾಕದೇ ಇದ್ದಿದ್ದರೆ ಶಿವಯೋಗಿಯ ಗುರುವಾರ ಪ್ರಿಂಟರು ರಿಪೇರಿ ಮಾಡುವುದರಲ್ಲೇ ಮುಗಿದುಹೋಗುತ್ತಿತ್ತು.

ಫೋಟೊದಲ್ಲಿ ವಿಶೇಷವೇನೂ ಇರಲಿಲ್ಲ. ಮಲ್ಲನಗುಂಡಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ, ಕೆಂಪು ರಿಬ್ಬನ್ ಸುತ್ತಿದ ಕಂಪ್ಯೂಟರೊಂದರ ತಲೆಯ ಮೇಲೆ ಆಶೀರ್ವಾದ ಮಾಡುವವರಂತೆ ಕೈಯಿಟ್ಟು ಪ್ರವೀಣಕುಮಾರ್ ನಿಂತಿದ್ದರು. ಕೆಳಗೆ ‘ಹೊಂಬಿಸಿಲು ಸೋಲಾರ್ ಕಂಪನಿಯಿಂದ ಗ್ರಾಮೀಣ ಬಾಲಕಿಯರಿಗೆ ಹೊಚ್ಚಹೊಸ ಕಂಪ್ಯೂಟರ್ ಕೊಡುಗೆ’ ಎಂದು ಬರೆದಿತ್ತು. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಕಂಪನಿಯ ಮುಖ್ಯಸ್ಥೆ ಸುಕನ್ಯಾ ಮೇಡಂ ಅದನ್ನು ನೋಡಿದರು. ನೋಡಿ ಕರಗಿಹೋದರು. ಇವತ್ತು ಹೊಸಪೇಟೆಯಲ್ಲಿ ಮೀಟಿಂಗ್ ಮುಗಿಸಿ ದಾವಣಗೆರೆಗೆ ಹೊರಟವರು, ಹೇಗೂ ದಾರಿಯಲ್ಲವೇ, ಆ ಮಕ್ಕಳನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಫೋನು ಮಾಡಿದರು.

ಫೋನಿಟ್ಟು ಹೊರಬಂದ ಪ್ರವೀಣಕುಮಾರರ ಮುಖ ಇಂಕು ಮುಗಿದ ಪ್ರಿಂಟರಿನಿಂದ ಬಂದ ಹಾಳೆಯಂತಿತ್ತು.

“ಶಿವಯೋಗಿ, ಸ್ಟೋರ್ ರೂಮಿನ ಡಬ್ಬ ಹೊರಗೆ ತೆಗಿ.”

“ಯಾವ ಡಬ್ಬ ಸರ್?”

“ಯಾವ ಡಬ್ಬ ಅಂತ ನನ್ನೇ ಕೇಳ್ತೀಯಲ್ಲೋ! ಕಂಪ್ಯೂಟರ್ ಡಬ್ಬ! ಮೇಡಂ ಬರ್ತಾ ಇದಾರೆ. ಊಟದ ಹೊತ್ತಿಗೆ ಮಲ್ಲನಗುಂಡಿ ಶಾಲೇಲಿರ್ತಾರಂತೆ.”

ಶಿವಯೋಗಿ ಪ್ರಿಂಟರಿನ ಹೊಟ್ಟೆಯೊಳಗಿದ್ದ ಕೈಯನ್ನು ಹೊರಗೆಳೆದ.

ಸಂಗತಿ ಇಷ್ಟೇ. ಹೆಡ್ ಆಫೀಸಿನವರು ಶಾಲೆಗೆಂದು ಕಳಿಸಿದ್ದ ಡಬ್ಬಗಳು ಹೋದ ತಿಂಗಳು ಕೂಡ್ಲಿಗಿಯ ಈ ಬ್ರಾಂಚ್ ಆಫೀಸಿಗೆ ಬಂದಿಳಿದಾಗ ಪ್ರವೀಣಕುಮಾರರಿಗೆ ಬೇರೆಯೇ ಯೋಚನೆ ಹೊಳೆದಿತ್ತು. ಹೈವೇ ಪಕ್ಕದ ಹೊಸ ಕಟ್ಟಡಕ್ಕೆ ಆಫೀಸು ಸದ್ಯದಲ್ಲೇ ಹೋಗುವುದಿತ್ತು. ಹೊಸ ಆಫೀಸಿಗೆ ಹೊಸ ಕಂಪ್ಯೂಟರು ಶೋಭೆ. ಸ್ಟೋರ್ ರೂಮಿನಲ್ಲಿ ಜೇಡರ ಬಲೆ ಹೊದ್ದು ಮಲಗಿದ್ದ ಹಳೆಯ ಕಂಪ್ಯೂಟರುಗಳು ಶಾಲೆಗೆ ಸಾಕು. “ಹಳ್ಳಿ ಹುಡುಗ್ರಿಗೆ ಎಬಿಸಿಡಿ ಒತ್ತೋಕೆ ಇನ್ನೆಂಥಾ ಮಷೀನ್ ಬೇಕು?” ಎಂದಿದ್ದರು. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಹಳೆಯವನ್ನು ಒರೆಸಿ, ಮೇಲೆ ಹೊಸ ಸ್ಟಿಕರ್ ಅಂಟಿಸಿ, ರಿಬ್ಬನ್ ಕಟ್ಟಿದವನು ಶಿವಯೋಗಿ. ಆಫೀಸಿನ ಕಂಪ್ಯೂಟರ್, ಪ್ರಿಂಟರು, ವೈಫೈ, ಎಲ್ಲಕ್ಕೂ ಅವನೊಬ್ಬನೇ. ಕಾಂಟ್ರಾಕ್ಟಿನ ಮೇಲಿದ್ದ. ಈ ಸಲವಾದರೂ ಕಾಯಂ ಮಾಡಿಸುತ್ತೇನೆಂದು ಪ್ರವೀಣಕುಮಾರ್ ಹೇಳಿದ್ದರಿಂದ ತುಟಿ ಹೊಲಿದುಕೊಂಡು ಸುಮ್ಮನಿದ್ದ. ಶಾಲೆಯ ಕಂಪ್ಯೂಟರ್ ಟೀಚರ್ ಸೈಮಾ ಆಮೇಲೆ ಮೇಲಿಂದ ಮೇಲೆ ಫೋನು ಮಾಡಿದಾಗಲೂ ಎತ್ತಿರಲಿಲ್ಲ.

“ನೋಡು, ನಾನು ಮೇಡಂನ ಇಲ್ಲಿ ಊಟಕ್ಕೆ ಕೂರಿಸ್ತೀನಿ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅಷ್ಟರಲ್ಲಿ ನೀನು ಹೊಸಾವನ್ನ ಶಾಲೇಲಿಟ್ಟು ಹಳೇವನ್ನ ತಗೊಂಡು ಬಂದ್ಬಿಡು. ಕೆಲಸ ಆಯ್ತೋ, ಮುಂದಿನ ತಿಂಗಳಿಂದ ನೀನು ಕಾಯಂ.”

“ಆಗದಿದ್ರ ಸರ್?”

“ಆಗದಿದ್ರೆ ಇಬ್ರೂ ಕಾಯಂ ಆಗಿ ಮನೇಲೇ.”

ಸ್ಟೋರ್ ರೂಮಿನ ಕೀಲಿ ಲೆಕ್ಕಪತ್ರ ನೋಡುವ ನಾಗಲಿಂಗಮ್ಮನ ಸೊಂಟದಲ್ಲಿತ್ತು. ಆಕೆ ಯಾವ ಕೀಲಿಯನ್ನೂ ಕಾರಣ ಕೇಳದೆ ಕೊಟ್ಟವಳಲ್ಲ.

“ಎಲ್ಲಿಗೆ ಒಯ್ತಿಯಪಾ ಅವನ್ನ?”

“ಹಿಂಗ... ಉಜ್ಜಿನಿ ಕಡಿಗ್ರಿ.”

“ಉಜ್ಜಿನಿಗಾ! ಹಂಗಾರ ನಾನೂ ಬರ್ತೀನಿ ತಡಿ. ಮರುಳಸಿದ್ಧಪ್ಪಗ ಕಾಯಿ ಒಡಸಾದೈತಿ, ಎಷ್ಟ ದಿನದಿಂದ ಅನಕಂತ ಕುಂತೀನಿ.”

“ಅಕ್ಕಾರ, ಇದು ಅರ್ಜೆಂಟ್ ಕೆಲಸ ಐತ್ರಿ...”

“ನಾನೇನ ನಿನ್ನ ಹೆಗಲ ಮ್ಯಾಲೆ ಕುಂದರ್ತೀನೇನು? ಗಾಡ್ಯಾಗ ಕುಂದರ್ತೀನಿ.” ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಅವಳು ಚಪ್ಪಲಿ ಮೆಟ್ಟಿದಳು. ವಾದ ಮಾಡುವಷ್ಟು ಹೊತ್ತು ಶಿವಯೋಗಿಯ ಬಳಿ ಇರಲಿಲ್ಲ.

ಗಾಡಿಯದು ಇನ್ನೊಂದು ಕತೆಯಾಯಿತು. ಲಗೇಜ್ ಆಟೋಗಳೆಲ್ಲ ಈರುಳ್ಳಿ ಹೇರಿಕೊಂಡು ಹೋಗಿದ್ದವು. ಬಸ್ ಸ್ಟ್ಯಾಂಡಿನ ಹಿಂದೆ ಸಿಕ್ಕಿದ್ದು ಖಲಂದರನ ಆಟೋ ಒಂದೇ. ಖಲಂದರ ಗುಜರಿ ವ್ಯಾಪಾರದವನು, ಊರೂರು ತಿರುಗಿ ಹಳೇ ಸಾಮಾನು ಕೊಳ್ಳುವವನು. ಡಬ್ಬಗಳನ್ನು ಹೇರಿ, ನಾಗಲಿಂಗಮ್ಮನನ್ನು ಮುಂದೆ ಕೂರಿಸಿ, ತಾನು ಡಬ್ಬಗಳ ನಡುವೆ ತುರುಕಿಕೊಂಡು ಶಿವಯೋಗಿ “ನಡಿಯಪಾ” ಎಂದ. ಖಲಂದರ ಚಾವಿ ತಿರುವಿದ. ತಿರುವಿದ್ದೇ ತಡ, ಆಟೋದ ತಲೆಯ ಮೇಲಿದ್ದ ಮೈಕು ಬಾಯಿ ತೆರೆಯಿತು.

“ಹಳೇ ಕಬ್ಬಿಣಾ! ಹಳೇ ಪ್ಲಾಸ್ಟಿಕ್ಕಾ! ಕೆಟ್ಟೋದ ಟಿವಿ, ಮಿಕ್ಸಿ, ಹಳೇ ಕಂಪ್ಯೂಟರ್ ಇದ್ರ ಕೊಡ್ರೀ!”

“ಏ ಮಾರಾಯ, ಬಂದ್ ಮಾಡೋ ಅದನ್ನ!”

“ಬಂದ್ ಆಗಂಗಿಲ್ರಿ ಸರ್,” ಎಂದ ಖಲಂದರ ಶಾಂತವಾಗಿ. “ವೈರಿಂಗ್ ಒಳಗಾ ಕೂಡಿ ಬಿಟ್ಟೈತಿ. ಇಂಜಿನ್ ಚಾಲೂ ಇದ್ರ ಮೈಕೂ ಚಾಲೂ. ನೀವಾ ಕಂಪ್ಯೂಟರ್ ಇಂಜಿನಿಯರ್ ಅಲ್ರಿ, ನೋಡ್ರಿ ಒಂದೀಟು.”

ಶಿವಯೋಗಿ ಒಂದು ತಂತಿ ಎಳೆದು ನೋಡಿದ. ಇಂಜಿನ್ ನಿಂತಿತು. ಮತ್ತೆ ಸಿಕ್ಕಿಸಿದ. ಇಂಜಿನ್ ಹೊರಟಿತು, ಮೈಕು ಮೊದಲಿಗಿಂತ ಜೋರಾಯಿತು.

ಹಾಗೆಯೇ ಕೂಗಿಕೊಂಡು ಆಟೋ ಕೊಟ್ಟೂರಿನ ದಾರಿ ಹಿಡಿಯಿತು. ಕೊಟ್ಟೂರು ಪೇಟೆಯಲ್ಲಿ ಇಬ್ಬರು ಹೆಂಗಸರು ನಡುರಸ್ತೆಯಲ್ಲಿ ಅಡ್ಡ ನಿಂತು ಗಾಡಿ ತಡೆದರು. ಒಬ್ಬಳ ಕೈಯಲ್ಲಿ ಹ್ಯಾಂಡಲ್ ಮುರಿದ ಕುಕ್ಕರು, ಇನ್ನೊಬ್ಬಳ ಕಂಕುಳಲ್ಲಿ ರೆಕ್ಕೆಯಿಲ್ಲದ ಟೇಬಲ್ ಫ್ಯಾನು.

“ಎಷ್ಟ ಕೊಡ್ತೀರಿ?”

“ಅಮ್ಮಾ, ಇವತ್ತು ತಗಳಂಗಿಲ್ರಿ. ದಾರಿ ಬಿಡ್ರಿ,” ಎಂದು ಶಿವಯೋಗಿ ಡಬ್ಬಗಳ ನಡುವಿನಿಂದ ಕೈಮುಗಿದ.

“ತಗಳಂಗಿಲ್ಲ ಅಂದಮ್ಯಾಲೆ ಯಾಕ ಹಂಗ ಊರ ಹರಿಯಂಗ ಒದರತೀರಿ?”

ನಾಗಲಿಂಗಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ. ಕುಕ್ಕರನ್ನು ಈಸಿಕೊಂಡು ತಿರುವಿ ನೋಡಿ, “ಗಟ್ಟಿ ಐತಲ್ಲ ತಂಗಿ, ಹ್ಯಾಂಡಲ್ ಒಂದು ಹಾಕಿಸಿದ್ರ ಇನ್ನೂ ಹತ್ತು ವರ್ಷ ಬರ್ತೈತಿ, ಯಾಕ ಗುಜರಿಗೆ ಹಾಕ್ತಿ?” ಎಂದು ಬುದ್ಧಿ ಹೇಳಲು ಶುರುಮಾಡಿದಳು. ಅವಳ ಸಂಸಾರ, ಇವಳ ಸಂಸಾರ, ಗಂಡಂದಿರ ಗುಣ, ಎಲ್ಲ ಮಾತಾಡಿ ಮುಗಿಯುವಷ್ಟರಲ್ಲಿ ಶಿವಯೋಗಿಯ ಬೆನ್ನಿನ ಬೆವರು ಡಬ್ಬಕ್ಕೆ ಇಳಿದಿತ್ತು. ಆಗಲೇ ಫೋನು ಬಂತು.

“ಹಲೋ, ಏನೇ, ಅಡುಗೆ ಆಯ್ತಾ?” ಎಂದಿತು ಪ್ರವೀಣಕುಮಾರರ ದನಿ, ಬೆಣ್ಣೆಯಷ್ಟು ಮೆತ್ತಗೆ.

“ಸರ್, ನಾನ್ರಿ ಶಿವಯೋಗಿ. ರಾಂಗ್ ನಂಬರ್ ಹಚ್ಚೀರಿ.”

“ಗೊತ್ತಮ್ಮಾ ಗೊತ್ತು. ಮೇಡಂ ಜೊತೆ ಕಾರಲ್ಲಿದೀನಿ. ಅವ್ರು ನಮ್ಮಲ್ಲಿ ಊಟ ಮಾಡ್ಲಿಲ್ಲ, ಮಕ್ಕಳ ಜೊತೇಲೇ ಬಿಸಿಯೂಟ ಮಾಡ್ತಾರಂತೆ. ಎಷ್ಟು ದೊಡ್ಡ ಮನಸ್ಸು ನೋಡು! ಈಗ ಹೊರಟ್ವಿ. ಹಳೇ ಅನ್ನ ತೆಗೆದಿಟ್ಯಾ? ಹೊಸ ಅನ್ನ ಹಾಕ್ದ್ಯಾ?”

ಶಿವಯೋಗಿಗೆ ಅರ್ಥವಾಯಿತು. “ಇನ್ನೂ ಕೊಟ್ಟೂರಾಗ ಅದೀನ್ರಿ ಸರ್.”

“ಹಾಗಾದ್ರೆ ಬೇಗ ಒಲೆ ಉರಿ ಮಾಡಮ್ಮ,” ಎಂದು ಹಲ್ಲು ಕಚ್ಚಿಕೊಂಡು ಹೇಳಿ ಫೋನಿಟ್ಟರು.

“ಖಲಂದರ, ಓಡಿಸೋ!” ಎಂದು ಶಿವಯೋಗಿ ಕಿರುಚಿದ. ಖಲಂದರ ಓಡಿಸಿದ. ಹಾರಿದ ಗಾಡಿಯಲ್ಲಿ ಆ ಕುಕ್ಕರೂ ನಾಗಲಿಂಗಮ್ಮನ ತೊಡೆಯ ಮೇಲೆಯೇ ಬಂದುಬಿಟ್ಟಿತು. ಹಿಂದಿನಿಂದ ಆ ಹೆಂಗಸು “ಕಳ್ರು! ಕಳ್ರು!” ಎಂದು ಕೂಗುತ್ತಿದ್ದದ್ದು ತಿರುವಿನ ತನಕ ಕೇಳಿಸಿತು.

ಮಲ್ಲನಗುಂಡಿ ಶಾಲೆಯ ಬಾಗಿಲಲ್ಲೇ ಸೈಮಾ ನಿಂತಿದ್ದಳು. ಹೆಡ್‌ಮಾಸ್ತರರು ಅವತ್ತು ತರಬೇತಿಗೆ ಹೋಗಿದ್ದರಿಂದ ಶಾಲೆಯ ಭಾರ ಅವಳ ಮೇಲಿತ್ತು. ಮೈಕಿನ ಕೂಗು ಕೇಳಿ ಗುಜರಿಯವನನ್ನು ಓಡಿಸಲು ಬಂದವಳು, ಡಬ್ಬಗಳ ಸಂದಿಯಿಂದ ಇಣುಕಿದ ಮುಖ ನೋಡಿ ಸೊಂಟಕ್ಕೆ ಕೈಯಿಟ್ಟಳು.

“ಅಬ್ಬಾ! ಶಿವಯೋಗಿ ಸರ್! ಬದುಕೇ ಇದೀರೇನ್ರಿ? ಫೋನ್ ಎತ್ತಲಿಲ್ಲಂತ ನಾನು ಏನೋ ಆಗಿಹೋತು ಅನಕಂಡಿದ್ದೆ.”

“ಟೀಚರ್, ಬೈಯೋದು ಆಮ್ಯಾಲೆ ಬೈರಿ. ಹೊಸ ಕಂಪ್ಯೂಟರ್ ತಂದೀನಿ. ಲಗೂನ ಇಟ್ಟು ಹಳೇವನ್ನ ತಗೊಂಡು ಹೋಗ್ತೀನಿ.”

“ಬರ್ರಿ ಒಳಗ. ಮೊದಲು ನೀವು ಕೊಟ್ಟಿದ್ದನ್ನ ನೋಡಬರ್ರಿ.”

ಕೋಣೆಯೊಳಗೆ ಹುಡುಗಿಯರು ಕಂಪ್ಯೂಟರುಗಳ ಮುಂದೆ ಮೂವರು ಮೂವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಬೆರಳುಗಳು ಕೀಲಿಮಣೆಯ ಮೇಲೆ. ಪರದೆಗಳೆಲ್ಲ ಕಪ್ಪಗೆ. ಒಂದರಲ್ಲೂ ದೀಪವಿಲ್ಲ.

“ಎಲ್ರೂ ‘ಕ’ ಒತ್ರಿ,” ಎಂದಳು ಸೈಮಾ.

ಟಕ್ ಎಂದು ಎಲ್ಲರೂ ಒಟ್ಟಿಗೆ ಒತ್ತಿದರು.

“ಏನ ಕಾಣ್ತೈತಿ?”

“‘ಕ’ ಕಾಣ್ತೈತಿ ಟೀಚರ್!” ಎಂದು ಕತ್ತಲೆ ಪರದೆ ನೋಡುತ್ತ ಹುಡುಗಿಯರು ಕೂಗಿದರು. ಮೂಲೆಯಲ್ಲಿದ್ದ ಒಬ್ಬಳು ಎದ್ದು, “ಟೀಚರ್, ನನ್ನದು ‘ಖ’ ಆಗೇತ್ರಿ, ತಪ್ಪಿ ಒತ್ತೀನಿ,” ಎಂದಳು. ಸೈಮಾ, “ಅಳಿಸಿ ಮತ್ತ ಒತ್ತವ್ವಾ,” ಎಂದಳು. ಹುಡುಗಿ ಕುಳಿತು, ಇಲ್ಲದ ಅಕ್ಷರವನ್ನು ಶ್ರದ್ಧೆಯಿಂದ ಅಳಿಸಿದಳು.

“ಹಿಂಗ ಕಲಸಾಕತ್ತೀನ್ರಿ,” ಎಂದಳು ಸೈಮಾ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ಚೆನ್ನಾಗಿತ್ತು ಎನಿಸಿತು ಶಿವಯೋಗಿಗೆ. ತಾನು ಕಟ್ಟಿದ್ದ ಕೆಂಪು ರಿಬ್ಬನ್ನು ಇನ್ನೂ ಒಂದರ ಕೊರಳಲ್ಲಿ ಹಾಗೇ ಇತ್ತು. ಅವನು ಬೇರೆ ಕಡೆ ನೋಡಿದ.

ಆದರೆ ಮರುಗುತ್ತ ನಿಲ್ಲುವ ಹೊತ್ತು ಅದಲ್ಲ. ಹಳೆಯದೊಂದನ್ನು ಎದೆಗವಚಿಕೊಂಡು ಓಡಿ ಆಟೋದಲ್ಲಿಟ್ಟ. ಇನ್ನೊಂದು ತಂದ. ಮತ್ತೊಂದಕ್ಕೆ ಬರುವಷ್ಟರಲ್ಲಿ ಖಲಂದರ ಗಾಡಿಯನ್ನು ನೆರಳಿಗೆ ಹಾಕಲು ಇಂಜಿನ್ ಚಾಲೂ ಮಾಡಿದ.

“ಹಳೇ ಕಂಪ್ಯೂಟರ್ ಇದ್ರ ಕೊಡ್ರೀ!” ಎಂದು ಮೈಕು ಊರಿಗೆಲ್ಲ ಸಾರಿತು.

ಅರಳಿಕಟ್ಟೆಯ ಮೇಲೆ ಕುಳಿತಿದ್ದ ಸುಂಕಪ್ಪ ತಲೆಯೆತ್ತಿದ. ಸುಂಕಪ್ಪ ಶಾಲೆಯ ಸಮಿತಿಯ ಅಧ್ಯಕ್ಷ. ಅವತ್ತಿನ ಸಮಾರಂಭದಲ್ಲಿ ಪ್ರವೀಣಕುಮಾರರಿಗೆ ಹಾರ ಹಾಕಿ, ಫೋಟೊದಲ್ಲಿ ಅರ್ಧ ಮೂಗು ಮಾತ್ರ ಬಿದ್ದಿದ್ದಕ್ಕೆ ನೊಂದುಕೊಂಡವನು. ಶಾಲೆಯ ಬಾಗಿಲಲ್ಲಿ ಗುಜರಿ ಆಟೋ, ಅದರೊಳಗೆ ಶಾಲೆಯ ಕಂಪ್ಯೂಟರು, ಇನ್ನೊಂದನ್ನು ಹೊತ್ತು ಓಡಿಬರುತ್ತಿರುವ ಒಬ್ಬ ಮನುಷ್ಯ. ಇಷ್ಟು ಕಂಡಮೇಲೆ ಅವನು ಇನ್ನೇನನ್ನೂ ಕೇಳಲು ನಿಲ್ಲಲಿಲ್ಲ.

“ಹಿಡೀರಲೇ ಅವನ್ನ! ಸಾಲಿ ಕಂಪ್ಯೂಟರ್ ಗುಜರಿಗೆ ಹಾಕಾಕತ್ತಾನ!”

ಕಟ್ಟೆಯ ಮೇಲಿದ್ದವರೆಲ್ಲ ಪಂಚೆ ಎತ್ತಿ ಕಟ್ಟಿ ಬಂದರು. ಸುಂಕಪ್ಪನ ಕೈ ನೇರ ಶಿವಯೋಗಿಯ ಕಾಲರಿಗೆ ಹೋಯಿತು. ಎದೆಗವಚಿದ ಕಂಪ್ಯೂಟರನ್ನು ಬಿಡುವಂತಿಲ್ಲ, ಕಾಲರು ಬಿಡಿಸಿಕೊಳ್ಳುವಂತಿಲ್ಲ, ಶಿವಯೋಗಿ ಬಲೆಗೆ ಬಿದ್ದ ಮೊಲದಂತೆ ನಿಂತ.

“ಯಜಮಾನ್ರ, ನಾನು ಕಂಪನಿಯಾಂವ್ರಿ. ಹೊಸಾವು ಕೊಟ್ಟು ಇವನ್ನ ಒಯ್ಯಾಕ ಬಂದೀನ್ರಿ.”

“ಹೋದ ತಿಂಗಳ ಕೊಟ್ಟಿದ್ದಾ ಹೊಚ್ಚ ಹೊಸಾವು ಅಂತ ನಿಮ್ಮ ಸಾಹೇಬ್ರು ಭಾಷಣ ಮಾಡಿ ಹೋಗ್ಯಾರ. ಒಂದ ತಿಂಗಳಾಗ ಹಳೇವಾದ್ವಾ? ಏನ ಕಂಪ್ಯೂಟರೋ, ಬದನಿಕಾಯೋ?”

ಉತ್ತರವಿತ್ತು. ಹೇಳುವಂತಿರಲಿಲ್ಲ. ಸೈಮಾ ಒಳಗೆ ಹುಡುಗಿಯರೊಂದಿಗೆ ಹೊಸದಕ್ಕೆ ಜಾಗ ಮಾಡುತ್ತಿದ್ದಳು. ಶಿವಯೋಗಿ ಸಹಾಯಕ್ಕಾಗಿ ನಾಗಲಿಂಗಮ್ಮನ ಕಡೆ ನೋಡಿದ.

ನಾಗಲಿಂಗಮ್ಮ ಕುಕ್ಕರ್ ಹಿಡಿದುಕೊಂಡೇ ಮುಂದೆ ಬಂದಳು. “ಕೈ ತಗೀರಿ ಯಜಮಾನ್ರ, ಭಾಳ ಛಲೋ ಹುಡುಗ ಅವನು. ಆದ್ರ ಎಲ್ಲಿಗೆ ಒಯ್ತಿ, ಯಾಕ ಒಯ್ತಿ ಅಂತ ನಾನು ಕೂಡ್ಲಿಗ್ಯಾಗಾ ಕೇಳ್ದೆ, ಬಾಯಿ ಬಿಡಲಿಲ್ಲ ನೋಡ್ರಿ.”

“ಈಯಮ್ಮ ಯಾರು?”

“ನಾನು ಕಾಯಿ ಒಡಸಾಕ ಹೊಂಟೀನಿ,” ಎಂದಳು ನಾಗಲಿಂಗಮ್ಮ.

ಜನರಲ್ಲಿ ಒಬ್ಬ ಅವಳ ಕೈಯಲ್ಲಿದ್ದ ಕುಕ್ಕರ್ ನೋಡಿ, “ಕೊಟ್ಟೂರಾಗ ಯಾವಾಕಿದೋ ಕುಕ್ಕರ್ ಹಾರಿಸ್ಯಾರಂತ ಈಗಾ ಫೋನ್ ಬಂದಿತ್ತು, ನಮ್ಮ ಅತ್ತಿಗಿ ಮಾಡಿದ್ಲು,” ಎಂದ. ಅಲ್ಲಿಗೆ ಸಂಶಯವೆಲ್ಲ ಮುಗಿಯಿತು. ಸುಂಕಪ್ಪ ಖಲಂದರನ ಚಾವಿ ಕಿತ್ತು ಜೇಬಿಗಿಳಿಸಿದ. “ಪೊಲೀಸ್ರು ಬರಾತನ ಯಾರೂ ಅಳ್ಳಾಡಂಗಿಲ್ಲ.”

ಫೋನು ಮತ್ತೆ ಹೊಡೆದುಕೊಂಡಿತು. ಸುಂಕಪ್ಪನೇ ಅದನ್ನು ಶಿವಯೋಗಿಯ ಜೇಬಿನಿಂದ ತೆಗೆದು ಸ್ಪೀಕರಿಗೆ ಹಾಕಿ ಹಿಡಿದ.

“ಏನಮ್ಮಾ, ಊರ ಹತ್ರ ಬಂದ್ವಿ. ಹಳೇದೆಲ್ಲ ಹೊರಗೆ ಹಾಕಿದ್ಯಾ? ಯಾರಿಗೂ ಕಾಣದಂಗೆ ಸಾಗಿಸಿದ್ಯಾ?”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಗ್ಯಾಂಗೇ ಐತಿ ಇದು,” ಎಂದ ಒಬ್ಬ. ಹಿಂದೆ ಯಾರೋ ಹಗ್ಗ ತರಲು ಹೇಳಿದರು. ಶಿವಯೋಗಿಯ ಎದೆಯ ಮೇಲಿನ ಕಂಪ್ಯೂಟರು ಈಗ ಬಂಡೆಯಷ್ಟು ಭಾರವಾಗಿತ್ತು.

ಹಗ್ಗ ಬರುವ ಮುಂಚೆ ಬಿಳಿ ಕಾರು ಬಂತು.

ಮೊದಲು ಪ್ರವೀಣಕುಮಾರ್ ಇಳಿದರು. ಆಟೋ, ಹಳೆಯ ಕಂಪ್ಯೂಟರು, ಹೊಸ ಡಬ್ಬ, ಕಾಲರು ಹಿಡಿದ ಕೈ, ಎಲ್ಲವನ್ನೂ ಒಂದೇ ನೋಟದಲ್ಲಿ ಕಂಡು ಮತ್ತೆ ಕಾರಿನೊಳಗೇ ಹೋಗಲು ನೋಡಿದರು. ಆದರೆ ಅದೇ ಬಾಗಿಲಿನಿಂದ ಸುಕನ್ಯಾ ಮೇಡಂ ಇಳಿಯುತ್ತಿದ್ದರು. ಹತ್ತಿ ಸೀರೆ, ಚಿಕ್ಕ ಕುಂಕುಮ, ತಣ್ಣನೆಯ ಮುಖ.

“ಏನ್ ನಡೀತಿದೆ ಇಲ್ಲಿ?”

“ಏನಿಲ್ಲ ಮೇಡಂ, ಸರ್ವೀಸಿಂಗ್,” ಎಂದರು ಪ್ರವೀಣಕುಮಾರ್. “ತಿಂಗಳಿಗೊಂದ್ಸಲ ಬಂದು ಧೂಳು ಹೊಡೀತೀವಿ. ಅಲ್ವೇನೋ ಶಿವಯೋಗಿ?” ಎಂದು ಮೇಡಂಗೆ ಕಾಣದ ಕಡೆಯ ಕಣ್ಣನ್ನು ಮಿಟುಕಿಸಿದರು. ಮುಂದಿನ ತಿಂಗಳಿಂದ ಕಾಯಂ ಎಂದಿತ್ತು ಆ ಕಣ್ಣು.

ಹೌದು ಎಂದರೆ ಮುಗಿದುಹೋಗುತ್ತಿತ್ತು. ಶಿವಯೋಗಿ ಬಾಯಿ ತೆರೆದ. ಅಷ್ಟರಲ್ಲಿ ಗಲಾಟೆ ಕೇಳಿ ಹುಡುಗಿಯರು ಸೈಮಾಳೊಂದಿಗೆ ಜಗಲಿಗೆ ಬಂದು ಸಾಲಾಗಿ ನಿಂತರು. ‘ಖ’ ಒತ್ತಿದ್ದ ಹುಡುಗಿ ಅವನ ಎದೆಯ ಮೇಲಿದ್ದ ಕಂಪ್ಯೂಟರನ್ನೇ ನೋಡುತ್ತ ಸೈಮಾಳ ಸೆರಗು ಜಗ್ಗಿ, “ಟೀಚರ್, ನಂದು ಒಯ್ಯಾಕತ್ತಾರ,” ಎಂದಳು. ಅವಳ ಕಣ್ಣು ತುಂಬಿತ್ತು.

ಶಿವಯೋಗಿಯ ಬಾಯಿಂದ ತಾನು ಅಂದುಕೊಂಡಿದ್ದು ಬರಲಿಲ್ಲ.

“ಇಲ್ರಿ ಮೇಡಂ. ಸರ್ವೀಸಿಂಗ್ ಅಲ್ಲ. ಇವು ನಮ್ಮ ಆಫೀಸಿನ ಕೆಟ್ಟ ಕಂಪ್ಯೂಟರ್ರಿ. ಒಂದೂ ಚಾಲೂ ಆಗಂಗಿಲ್ಲ. ಹೊಸಾವು ಅಂತ ಹೇಳಿ ಕೊಟ್ಟಿದ್ವಿ. ಒರಸಿ ಸ್ಟಿಕರ್ ಹಚ್ಚಿದಾಂವ ನಾನಾ. ನೀವು ಕಳಿಸಿದ ಹೊಸಾವು ಇವತ್ತಿನತನ ನಮ್ಮ ಸ್ಟೋರ್ ರೂಮಿನ್ಯಾಗ ಇದ್ವು. ಈ ಹುಡುಗ್ರು ಕತ್ತಲಿ ಪರದೆ ನೋಡಿಕೊಂಡು ಟೈಪಿಂಗ್ ಕಲ್ಯಾಕತ್ತಾವ್ರಿ.”

ಸೈಮಾ ಯಾವಾಗಲೋ ಮೊಬೈಲ್ ತೆಗೆದು ವಿಡಿಯೊ ಹಿಡಿಯುತ್ತಿದ್ದಳು.

ಸುಕನ್ಯಾ ಮೇಡಂ ಪ್ರವೀಣಕುಮಾರರ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಪ್ರವೀಣ್, ಕೊಡೋದು ಅಂದ್ರೆ ನಮಗೆ ಬೇಡವಾದದ್ದನ್ನ ಬಡವರ ಮನೆ ಬಾಗಿಲಲ್ಲಿ ಸುರಿಯೋದಲ್ಲ. ಮಕ್ಕಳಿಗೆ ಅಂತ ಇಟ್ಟಿದ್ದನ್ನ ನಮ್ಮ ಟೇಬಲ್ ಮೇಲೆ ಇಟ್ಕೊಳ್ಳೋದು ಕಳ್ಳತನ. ಅದಕ್ಕೆ ಬೇರೆ ಹೆಸರಿಲ್ಲ. ನೀವು ಈ ಕ್ಷಣದಿಂದ ಸಸ್ಪೆಂಡ್. ಕಾರಲ್ಲಿ ಹೋಗಿ ಕೂತ್ಕೊಳ್ಳಿ.”

ಪ್ರವೀಣಕುಮಾರ್ ಗಾಳಿ ಹೋದ ಟ್ಯೂಬಿನಂತೆ ಕುಗ್ಗಿದರು. ಮೇಡಂ ಶಿವಯೋಗಿಯ ಭುಜದ ಮೇಲೆ ಕೈಯಿಟ್ಟರು. “ನಿಮ್ಮಂಥವರಿಂದ ಕಂಪನಿ ನಿಂತಿದೆ. ಕಾಯಂ ಆಗಿದೆಯಾ ನಿಮಗೆ?”

“ಇಲ್ರಿ ಮೇಡಂ.”

“ಇವತ್ತೇ ಆಗುತ್ತೆ.”

ಸುಂಕಪ್ಪ ತಾನು ಹಿಡಿದಿದ್ದ ಕಾಲರನ್ನೇ ಕೈಯಿಂದ ತಟ್ಟಿ ಸರಿಮಾಡಿದ. ಯಾರೋ ಶಿವಯೋಗಿಯ ತೋಳಿನಿಂದ ಕಂಪ್ಯೂಟರ್ ಇಳಿಸಿಕೊಂಡರು, ಇನ್ನಾರೋ ನೀರು ಕೊಟ್ಟರು. ಹಗ್ಗ ತಂದವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಶಿವಯೋಗಿಗೆ ಅಳು ಬರುವಂತಾಯಿತು. ಸತ್ಯ ಹೇಳುವುದು ಇಷ್ಟು ಸಲೀಸು ಎಂದು ಗೊತ್ತಿದ್ದರೆ ಹೋದ ತಿಂಗಳೇ ಹೇಳಬಹುದಿತ್ತು.

“ಬನ್ನಿ ಮಕ್ಕಳೇ, ಹೊಸ ಕಂಪ್ಯೂಟರ್ ನಾವೇ ಶುರು ಮಾಡೋಣ,” ಎಂದರು ಮೇಡಂ.

ಡಬ್ಬಗಳು ಒಳಗೆ ಬಂದವು. ಸೀಲು ಒಡೆದರು. ಶಿವಯೋಗಿ ಚಕಚಕನೆ ವೈರು ಜೋಡಿಸಿದ. ಜೋಡಿಸುವಾಗ ಒಂದರ ಬೆನ್ನ ಮೇಲೆ ಗೀರು ಕಂಡಂತಾಯಿತು. ದಾರಿಯಲ್ಲಿ ಕುಕ್ಕರ್ ತಗಲಿರಬೇಕು ಎಂದುಕೊಂಡ. ಮೇಡಂ ಎಲ್ಲರ ಮುಂದೆ ಬಟನ್ ಒತ್ತಿದರು. ಹುಡುಗಿಯರು ಕುತ್ತಿಗೆ ಉದ್ದ ಮಾಡಿ ನೋಡಿದರು. ಪರದೆ ಬೆಳಗಿತು. “ಹೋ!” ಎಂದು ಕೋಣೆಯೆಲ್ಲ ಕೂಗಿತು.

ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಪಟ್ಟಿ ಬಂತು. ಮೇಡಂ ಸುತ್ತಲಿನ ಮಕ್ಕಳನ್ನು ನೋಡಿ ನಗುತ್ತಲೇ, ಪರದೆಯ ಕಡೆ ಕಣ್ಣು ಹಾಯಿಸದೆಯೇ, ದಿನವೂ ಮಾಡುವ ಕೆಲಸದಂತೆ ಟಕಟಕನೆ ಏನೋ ಒತ್ತಿದರು. ಕಂಪ್ಯೂಟರು ತೆರೆದುಕೊಂಡಿತು.

ಪರದೆಯ ತುಂಬ ಒಂದು ಫೋಟೊ. ಯಾವುದೋ ಹುಟ್ಟುಹಬ್ಬ. ಮೂಗಿಗೆ ಕೇಕಿನ ಕ್ರೀಮು ಮೆತ್ತಿಕೊಂಡು, ತಲೆಗೆ ಕಾಗದದ ಟೋಪಿ ಹಾಕಿಕೊಂಡು ನಗುತ್ತಿರುವ ಸುಕನ್ಯಾ ಮೇಡಂ.

“ಮೇಡಂ,” ಎಂದಳು ಸೈಮಾ ನಿಧಾನಕ್ಕೆ, “ಇದು ನೀವಾ ಅಲ್ರೀ?”

ಮೇಡಂ ಈಗ ಪರದೆ ನೋಡಿದರು. ನೋಡುತ್ತಲೇ ಇದ್ದರು. ಪಕ್ಕದ ಕಂಪ್ಯೂಟರನ್ನು ಹುಡುಗಿಯೊಬ್ಬಳು ಚಾಲೂ ಮಾಡಿದಳು. ‘ಸುಸ್ವಾಗತ, ಫೈನಾನ್ಸ್ ವಿಭಾಗ’ ಎಂದಿತು ಅದು. ಅದರಾಚೆಯದು ಹೆಡ್ ಆಫೀಸಿನ ಇನ್ನಾರನ್ನೋ ಹೆಸರು ಹಿಡಿದು ಕರೆಯಿತು.

ಶಿವಯೋಗಿ ಆ ಗೀರನ್ನು ಇನ್ನೊಮ್ಮೆ ನೋಡಿದ. ಡಬ್ಬ ಮಾತ್ರ ಹೊಸದು. ಒಳಗಿರುವುದೆಲ್ಲ ಬೆಂಗಳೂರಿನಲ್ಲಿ ದುಡಿದು ಸವೆದ ಮಷೀನುಗಳು. ಹಾಗಾದರೆ ಮಕ್ಕಳಿಗೆಂದು ಕೊಂಡ ಹೊಸವು ಎಲ್ಲಿ ಎಂದು ಅವನು ಕೇಳಬೇಕಾಗಲಿಲ್ಲ. ಮೇಡಂ ಕಿವಿಯತನಕ ಕೆಂಪಾಗಿ, ತಮ್ಮಷ್ಟಕ್ಕೇ, “ಅದಕ್ಕೇ... ನನ್ನ ಟೇಬಲ್ ಮೇಲೆ ಹೊಸದು ತಂದಿಟ್ಟಿದ್ರಲ್ಲ...” ಎಂದದ್ದು ಹತ್ತಿರ ನಿಂತ ಅವನೊಬ್ಬನಿಗೇ ಕೇಳಿಸಿತು. ಕೇಳಿಸಿತೆಂದು ಅವರಿಗೂ ಗೊತ್ತಾಯಿತು.

ಆಗ ಸುಂಕಪ್ಪ ಚಪ್ಪಾಳೆ ತಟ್ಟಿದ.

“ನೋಡ್ರಪಾ! ನಾವು ಗುಡಿಗೆ ಫ್ಯಾನ್ ಕೊಟ್ರ ರೆಕ್ಕಿ ಮ್ಯಾಲೆ ಹೆಸರು ಬರಸಂಗಿಲ್ಲೇನು? ಹಂಗಾ ಇವರು ಕೊಟ್ಟೋರ ಫೋಟೊ, ಹೆಸರು ಎಲ್ಲಾ ಒಳಗಾ ಹಾಕಿಸಿ ಕಳಿಸ್ಯಾರ! ಮೇಡಂದು ಫೋಟೊ ಭಾಳ ಛಲೋ ಬಂದೈತಿ!”

ಊರೆಲ್ಲ ಚಪ್ಪಾಳೆ ಹೊಡೆಯಿತು. ಹುಡುಗಿಯರು ಆಗಲೇ ‘ಕ’ ಒತ್ತಿ, ಪರದೆಯ ಮೇಲೆ ನಿಜವಾಗಿಯೂ ಮೂಡಿದ ‘ಕ’ ನೋಡಿ ಕುಣಿಯುತ್ತಿದ್ದರು. “ಹೌದು... ಹಾಗೇ ಮಾಡಿಸಿದ್ವಿ,” ಎಂದರು ಮೇಡಂ. “ಹಳೇದು, ಹೊಸದು, ಎಲ್ಲಾ ಇಲ್ಲೇ ಇರಲಿ.” ಆಮೇಲೆ ಬಿಸಿಯೂಟಕ್ಕೂ ನಿಲ್ಲದೆ ಹೊರಗೆ ನಡೆದು, ಬೇವಿನ ಮರದ ಕೆಳಗೆ ಶಿವಯೋಗಿಯನ್ನೂ, ಕಾರಿನಿಂದ ಪ್ರವೀಣಕುಮಾರರನ್ನೂ ಕರೆದರು.

“ಪ್ರವೀಣ್, ನಾನು ಸ್ವಲ್ಪ ದುಡುಕಿದೆ. ನಿಮ್ಮ ಸಸ್ಪೆನ್ಶನ್ ಇಲ್ಲ.”

ಪ್ರವೀಣಕುಮಾರರಿಗೆ ಕಾರಣ ಗೊತ್ತಿರಲಿಲ್ಲ. ಆದರೂ ಟ್ಯೂಬಿಗೆ ಗಾಳಿ ತುಂಬಿಕೊಂಡಿತು.

“ಆದ್ರೆ ಟೀಚರ್ ವಿಡಿಯೊ ಮಾಡಿದಾರೆ. ಇವರು ಅಷ್ಟು ಜನರ ಮುಂದೆ ಹೇಳಿದಾರೆ. ತನಿಖೆ ಆಗಲೇಬೇಕು.” ಮೇಡಂ ಶಿವಯೋಗಿಯ ಕಡೆ ತಿರುಗಿದರು. ದನಿ ಮತ್ತೆ ತಣ್ಣಗಾಗಿತ್ತು. “ಸತ್ಯ ಹೇಳೋ ಧೈರ್ಯ ಇರೋರೇ ಮಾಡ್ಬೇಕು. ಇವತ್ತಿಂದ ನೀವು ಕಾಯಂ. ನಮ್ಮ ಕಂಪನಿಯ ನೈತಿಕತಾ ಅಧಿಕಾರಿ. ಈ ಕಂಪ್ಯೂಟರ್ ಅದಲುಬದಲಿನ ತನಿಖಾಧಿಕಾರಿಯೂ ನೀವೇ.”

“ಮೇಡಂ... ನಾನ್ರಿ?”

“ನೀವೇ. ಇದು ಯಾರ ದುರುದ್ದೇಶವೂ ಅಲ್ಲ. ಕಂಪ್ಯೂಟರ್ ವಿಭಾಗದ ನಿರ್ಲಕ್ಷ್ಯ. ಡಬ್ಬ ಬಂದಾಗಲೇ ತೆರೆದು ಪರೀಕ್ಷೆ ಮಾಡಿದ್ರೆ ಇದೆಲ್ಲಾ ಆಗ್ತಿರ್ಲಿಲ್ಲ. ನಿಮ್ಮ ತನಿಖೇಲೂ ಅದೇ ಸಿಗುತ್ತೆ ಅಂತ ನನಗೆ ನಂಬಿಕೆ ಇದೆ. ಅಲ್ವಾ ಪ್ರವೀಣ್?”

“ನೂರಕ್ಕೆ ನೂರು ಮೇಡಂ,” ಎಂದರು ಪ್ರವೀಣಕುಮಾರ್.

ಕಾರಿನ ಬಾಗಿಲು ಮುಚ್ಚಿತು. ಮೇಡಂ ದಾವಣಗೆರೆಯ ದಾರಿ ಹಿಡಿದರು. ಧೂಳು ಅಡಗಿದ ಮೇಲೆ ಶಿವಯೋಗಿ ಮೆಲ್ಲಗೆ ಕೇಳಿದ.

“ಸರ್, ಕಂಪ್ಯೂಟರ್ ವಿಭಾಗ ಅಂದ್ರ ನಾನೊಬ್ನಾ ಅಲ್ರಿ?”

“ಅದಕ್ಕೇ ಒಳ್ಳೇದಾಯ್ತು. ಹೆಚ್ಚು ಜನ ಇದ್ದಿದ್ರೆ ಹುಡುಕೋದು ಕಷ್ಟ ಆಗ್ತಿತ್ತು. ಸೋಮವಾರ ವಿಚಾರಣೆ ಇಟ್ಕೋ. ತಪ್ಪು ಸಾಬೀತಾದ್ರೆ ಕೆಲಸದಿಂದ ತೆಗೆದು ಹಾಕೋ ಅಧಿಕಾರನೂ ನಿಂಗೇ ಇದೆ.”

“ಅಲ್ರಿ ಸರ್... ನಾನು ತಪ್ಪು ಒಪ್ಪಿಕೊಳ್ಳದಾ ಹೋದ್ರ?”

ಪ್ರವೀಣಕುಮಾರ್ ಗಂಭೀರವಾಗಿ ತಲೆಯಾಡಿಸಿದರು.

“ಅದರಲ್ಲಿ ನಾನು ಕೈ ಹಾಕೋ ಹಂಗಿಲ್ಲಪ್ಪ. ನೀನು ತನಿಖಾಧಿಕಾರೀನೇ ಕೇಳ್ಬೇಕು.”